ಹದಿನೆಂಟು ಹೆಬ್ಬೆರಳು

ಡಾಕ್ಟರ ಹತ್ತಿರ ಹೋಗುವ ದಿನ ದೇವಕಿಗೆ ಕೈ ತೊಳೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಹುಣಸೆಹಣ್ಣು ಹಚ್ಚಿ ಉಜ್ಜಿದಳು, ಬೂದಿ ಹಾಕಿ ಉಜ್ಜಿದಳು, ಕೊನೆಗೆ ತೆಂಗಿನ ಸಿಪ್ಪೆಯಲ್ಲಿ ತಿಕ್ಕಿದಳು. ಹಸಿ ಅಡಿಕೆ ಸುಲಿಯುವ ಸುಗ್ಗಿಯಲ್ಲಿ ಕೈಗೆ ಹತ್ತಿದ ಕರೆ ನೀರಿಗೆ ಹೋಗುವಂಥದ್ದಲ್ಲ. ಅದು ಚರ್ಮದೊಳಗೆ ಇಳಿದು ಅಂಗೈಯನ್ನು ಬಾಣಲೆಯ ತಳದ ಹಾಗೆ ಕಪ್ಪು ಮಾಡಿಬಿಡುತ್ತದೆ. ಸಂಕ್ರಾಂತಿ ಕಳೆದು, ಹಳೆಯ ಚರ್ಮವೇ ಸುಲಿದು ಬಿದ್ದಾಗ ಅದರ ಜೊತೆಗೇ ಹೋಗಬೇಕು. ಅದು ಗೊತ್ತಿದ್ದೂ ಉಜ್ಜಿದಳು. ಬಲಗೈ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದ ಸೈಕಲ್ ಟ್ಯೂಬಿನ ತುಂಡನ್ನು ಕಿತ್ತು ಬಾಗಿಲ ಮೊಳೆಗೆ ಹಾಕಿದಳು. ಫಾರಿನ್ ಡಾಕ್ಟರ ಮುಂದೆ ರಬ್ಬರು ಸುತ್ತಿಕೊಂಡು ಹೋಗುವುದು ಹೇಗೆ?

ಸುಲಿಯುವವರ ಬೆರಳಿಗೆ ಆ ಟ್ಯೂಬು ಬೇಕೇ ಬೇಕು. ಮೆಟ್ಟುಗತ್ತಿಯೆಂದರೆ ಮಣೆಗೆ ಕೂರಿಸಿದ ಬಾಗಿದ ಕತ್ತಿ. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಹೆಬ್ಬೆರಳು ದಿನವಿಡೀ ಅಲಗಿನ ಅಂಚಿನಲ್ಲೇ ಓಡಾಡುತ್ತಿರುತ್ತದೆ. ಟ್ಯೂಬು ಹಾಕದಿದ್ದರೆ ಬೆರಳು ಹೋಗುತ್ತದೆ. ಹಾಕಿದರೆ ಬೆರಳು ಉಳಿಯುತ್ತದೆ, ಆದರೆ ಅದಕ್ಕೆ ಸ್ಪರ್ಶ ಹೋಗುತ್ತದೆ. ಬಿಗಿ ರಬ್ಬರಿನ ಅಡಿಗೆ ಕರೆಯೂ ಹತ್ತುವುದಿಲ್ಲ, ಗಾಳಿಯೂ ಆಡುವುದಿಲ್ಲ. ಕಪ್ಪು ಕೈಯಲ್ಲಿ ಅಷ್ಟಗಲ ಮಾತ್ರ ಬಿಳಿಚಿಕೊಂಡು, ದಡ್ಡುಗಟ್ಟಿ, ಮುಟ್ಟಿದರೂ ತಿಳಿಯದಂತಾಗಿರುತ್ತದೆ. ಮೇಗುಂದದ ಕಡೆ ಸುಲಿಯಲು ಕೂರುವ ಹೆಂಗಸರಿಗೆಲ್ಲ ಇದು ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಅದರ ಮಾತೆತ್ತುವುದಿಲ್ಲ.

ಅದು ಎರಡು ಸಾವಿರದ ಮೂರರ ಡಿಸೆಂಬರ್. ನ್ಯೂಜಿಲೆಂಡಿನ ಒಂದು ಚರ್ಚಿನಿಂದ ಹನ್ನೊಂದು ಜನ ಸ್ವಯಂಸೇವಕರು, ಡಾಕ್ಟರುಗಳು, ನರ್ಸುಗಳು, ನರ್ಸಿಂಗ್ ಓದುವ ಹುಡುಗಿಯರು, ತಮ್ಮ ರಜೆ ಹಾಕಿಕೊಂಡು ನಮ್ಮ ಕಡೆಗೆ ಬಂದಿದ್ದರು. ನರಸಿಂಹರಾಜಪುರದಲ್ಲಿ ಮೂರು ದಿನ, ಶೃಂಗೇರಿಯಲ್ಲಿ ಎರಡು ದಿನ ಶಿಬಿರ ಮುಗಿಸಿ, ಕೊನೆಯ ಮೂರು ದಿನಕ್ಕೆ ಜಯಪುರದ ಸಮುದಾಯ ಭವನಕ್ಕೆ ಇಳಿದಿದ್ದರು. ಮತಾಂತರ ಮಾಡಲು ಬಂದಿದ್ದಾರೆ ಎಂದು ಕೆಲವರು ಕರಪತ್ರ ಹಂಚಿದರು. ಹಂಚಿದವರ ಮನೆಯಲ್ಲೇ ಮಂಡಿನೋವಿನ ಅಜ್ಜಿಯರಿದ್ದರು. ಅವರು ಆ ಕರಪತ್ರವನ್ನೇ ನಾಲ್ಕು ಮಡಿಕೆ ಮಾಡಿ ಬೀಸಿಕೊಳ್ಳುತ್ತ ಸಾಲಿನಲ್ಲಿ ನಿಂತರು. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಹನ್ನೊಂದು ಜನವೂ ಕೈ ಹಿಡಿದುಕೊಂಡು ಒಂದು ನಿಮಿಷ ಕಣ್ಣು ಮುಚ್ಚುತ್ತಿದ್ದರು. ಅಲ್ಲಿ ನಡೆದ ಧರ್ಮದ ಕೆಲಸ ಅಷ್ಟೇ. ಉಳಿದದ್ದೆಲ್ಲ ಬಿ.ಪಿ., ಸಕ್ಕರೆ, ಜಂತುಹುಳದ ಮಾತ್ರೆ.

ಅವರಿಗೆ ಕನ್ನಡ ಬಾರದು, ಸಾಲಿನಲ್ಲಿ ನಿಂತವರಿಗೆ ಇಂಗ್ಲಿಷು ಬಾರದು. ನಡುವೆ ಕುರ್ಚಿ ಹಾಕಿಕೊಂಡು ಕೂತವರು ಊರಿನ ಕಾಲೇಜು ಮಕ್ಕಳು. ಅವರಲ್ಲಿ ಶ್ರೀರಕ್ಷಾ ಒಬ್ಬಳು. ಮೇಗುಂದದ ಹತ್ತಿರ ಹನ್ನೆರಡು ಎಕರೆ ಅಡಿಕೆ ಬಾಗಾಯ್ತು ಇರುವ ಮಹೇಶ್ವರ ಎಂಬವರ ಒಬ್ಬಳೇ ಮಗಳು; ಐದನೇ ತರಗತಿಯಿಂದ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು, ಈಗ ಫಾರ್ಮಸಿ ಓದುತ್ತಿದ್ದವಳು. ರಜೆಯಲ್ಲಿ ಮನೆಗೆ ಬಂದವಳು ತಾನಾಗಿಯೇ ಹೆಸರು ಕೊಟ್ಟಿದ್ದಳು. ಕೆಟ್ಟ ಹುಡುಗಿಯಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದರ ತನಕ, ಊಟಕ್ಕೂ ಸರಿಯಾಗಿ ಏಳದೆ ಮಾತು ದಾಟಿಸುತ್ತಿದ್ದಳು. ಕೊರಳಲ್ಲಿ ಸ್ವಯಂಸೇವಕಿ ಎಂಬ ಚೀಟಿ ತೂಗುತ್ತಿತ್ತು.

ದೇವಕಿ ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಹನ್ನೊಂದು ವರ್ಷದಿಂದ ಅವಳು ಸುಲಿಯುವುದೇ ಮಹೇಶ್ವರಯ್ಯನವರ ಅಂಗಳದ ಚಪ್ಪರದಲ್ಲಿ. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಅವಳ ಅವ್ವ ಕೂರುತ್ತಿದ್ದಳು. ಈ ಹುಡುಗಿ ಲಂಗ ಹಾಕಿಕೊಂಡು ಜಗಲಿಯ ಮೇಲೆ ಓಡಾಡುತ್ತಿದ್ದುದನ್ನು ದೇವಕಿ ನೋಡಿದ್ದಾಳೆ. ಶ್ರೀರಕ್ಷಾ ಮಾತ್ರ ಅವಳ ಗುರುತು ಹಿಡಿಯಲಿಲ್ಲ. ಜಗಲಿಯಿಂದ ಚಪ್ಪರಕ್ಕೆ ಇಪ್ಪತ್ತು ಹೆಜ್ಜೆ. ಅಲ್ಲಿಂದ ಕಾಣುವುದು ಬಗ್ಗಿದ ಬೆನ್ನುಗಳು.

ದೇವಕಿ ಹೋದದ್ದು ಹೊಟ್ಟೆ ಉರಿಗೆ. ಅನ್ನ ಉಂಡರೂ ಉರಿ, ಬಿಟ್ಟರೂ ಉರಿ. ಅವಳ ಪಾಲಿಗೆ ಸಿಕ್ಕಿದವಳು ರೂತ್ ಎಂಬ ಇಪ್ಪತ್ತೆರಡರ ಹುಡುಗಿ, ನರ್ಸಿಂಗ್ ಕೊನೆಯ ವರ್ಷದವಳು. ನಾಡಿ ನೋಡಲು ಕೈ ಹಿಡಿದವಳು ಕೈಯನ್ನು ಬಿಡಲೇ ಇಲ್ಲ. ಕಪ್ಪು ಹೆಬ್ಬೆರಳ ಬುಡದಲ್ಲಿದ್ದ ಬಿಳಿ ಮಚ್ಚೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣು ಮುಚ್ಚಲು ಹೇಳಿಸಿದಳು. ಹತ್ತಿಯ ಎಳೆ ಮುಟ್ಟಿಸಿ, ತಿಳಿದಾಗ ಹೂಂ ಅನ್ನಬೇಕೆಂದಳು. ಹತ್ತಿ ಮುಟ್ಟಿತು. ದೇವಕಿ ಹೂಂ ಅನ್ನಲಿಲ್ಲ. ಮೂರು ಸಲ ಮುಟ್ಟಿತು. ಮೂರು ಸಲವೂ ಅನ್ನಲಿಲ್ಲ.

ಇದು ಎಷ್ಟು ದಿನದಿಂದ ಎಂದು ರೂತ್ ಕೇಳಿಸಿದಳು. ಸುಮಾರು ವರ್ಷವಾಯಿತು ಎಂದಳು ದೇವಕಿ. ಟ್ಯೂಬಿನ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗೆ ಕೂತಿರುವುದು ಅಂಗಳದ ಧಣಿಯ ಮಗಳು. ಅವಳ ಮನೆಯ ಕೆಲಸ ಅವಳಿಗೆ ಗೊತ್ತಿರದೆ ಇರುತ್ತದೆಯೇ? ಗೊತ್ತಿರುವುದನ್ನು ಹೇಳಿದರೆ, ನಿಮ್ಮ ಮನೆ ಅಡಿಕೆಯಿಂದ ನನ್ನ ಬೆರಳು ಸತ್ತಿತು ಎಂದು ಹತ್ತು ಜನರೆದುರು ದೂರಿದ ಹಾಗಾಗುತ್ತದೆ. ಸುಗ್ಗಿ ಇನ್ನೂ ತಿಂಗಳಿದೆ. ದೇವಕಿ ಬಾಯಿ ಮುಚ್ಚಿಕೊಂಡಳು.

ಕೊನೆಗೆ ರೂತ್ ಇನ್ನೊಂದು ಪ್ರಶ್ನೆ ಕೇಳಿದಳು: ಈಕೆ ಏನು ಕೆಲಸ ಮಾಡುತ್ತಾಳೆ? ಶ್ರೀರಕ್ಷಾ ಅದನ್ನು ಕನ್ನಡಕ್ಕೆ ದಾಟಿಸಲೇ ಇಲ್ಲ. ಸೀರೆ ನೋಡಿದಳು, ಹಿಮ್ಮಡಿ ನೋಡಿದಳು, ತಾನೇ ಇಂಗ್ಲಿಷಿನಲ್ಲಿ ಹೇಳಿದಳು: ತೋಟದ ಕೂಲಿ. ಹೊರಗೆ ಇನ್ನೂ ಎಂಬತ್ತು ಜನ ಕಾಯುತ್ತಿದ್ದರು.

ರೂತ್ ಚೀಟಿ ಬರೆದಳು. ಹಿರಿಯ ಡಾಕ್ಟರು ಇನ್ನೊಬ್ಬ ರೋಗಿಯನ್ನು ನೋಡುತ್ತಿದ್ದವರು, ನಿಂತಲ್ಲೇ ಓದಿ, ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ಪರೀಕ್ಷೆಯಾಗಲಿ ಎಂದು ಸಹಿ ಮಾಡಿದರು. ಒಂದು ಪ್ರತಿ ತಾಲ್ಲೂಕು ಆಸ್ಪತ್ರೆಗೆ, ಒಂದು ದೇವಕಿಯ ಕೈಗೆ. ಅದರಲ್ಲಿದ್ದ ಒಂದು ಪದದ ಅರ್ಥ ಗೊತ್ತಾಗದೆ ಶ್ರೀರಕ್ಷಾ ಕೇಳಿದಳು. ರೂತ್ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. ಕುಷ್ಠ ಇರಬಹುದು, ಹೆದರಿಸಬೇಡ, ಯಾರಿಗೂ ಹೇಳಬೇಡ, ಗುಣವಾಗುವ ಕಾಯಿಲೆ ಎಂದು ತಿಳಿಸು. ಶ್ರೀರಕ್ಷಾ ಬಂದು, ಚರ್ಮದ್ದು ಸ್ವಲ್ಪ ತೊಂದರೆ ಇರಬಹುದು, ಜಿಲ್ಲಾ ಆಸ್ಪತ್ರೆಗೆ ಹೋಗಬೇಕಂತೆ ಎಂದಷ್ಟೇ ಹೇಳಿದಳು. ದೇವಕಿ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು. ಹೊಟ್ಟೆ ಉರಿಗೆ ಯಾರೂ ಏನೂ ಕೊಡಲಿಲ್ಲ.

ಯಾರಿಗೂ ಹೇಳಬೇಡ ಎಂದು ಪರದೇಶದ ಹುಡುಗಿ ಹೇಳಿದ್ದಳು. ಸ್ವಂತ ಊರಿನ ಹುಡುಗಿ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ದಿನವೆಲ್ಲ ಎದೆಯಲ್ಲಿಟ್ಟುಕೊಂಡು ಭಾರವಾಗಿತ್ತು. ಮೇಗುಂದದ ಕಡೆಯವಳೇ, ದೇವಕಿ ಅಂತ ಹೆಸರು ಎಂದಾಗ ಮಹೇಶ್ವರ ಕೈಯಲ್ಲಿದ್ದ ತುತ್ತನ್ನು ಬಾಳೆಲೆಗೆ ಇಳಿಸಿದರು.

"ಯಾವ ದೇವಕಿ ಕೂಸೆ? ನಮ್ಮಲ್ಲಿ ಸುಲಿಯೂಕೆ ಬಪ್ಪ ದೇವಕಿಯಾ?"

ಶ್ರೀರಕ್ಷಾಗೆ ಗೊತ್ತಿರಲಿಲ್ಲ. ತಮ್ಮಲ್ಲಿ ಸುಲಿಯಲು ಬರುವವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಮರುದಿನ ದೇವಕಿ ಎಂದಿನ ಹೊತ್ತಿಗೆ ಅಂಗಳಕ್ಕೆ ಬಂದಳು. ಚಪ್ಪರದ ಅಡಿ ಹದಿನೆಂಟು ಮೆಟ್ಟುಗತ್ತಿಗಳು ಸುತ್ತಲೂ ಕೂರುತ್ತವೆ, ನಡುವೆ ಅಡಿಕೆಗೊನೆಯ ರಾಶಿ. ದೇವಕಿಯ ಜಾಗ ಮೂಲೆಗಂಬದ ಹತ್ತಿರ, ಸೀತಕ್ಕನ ಪಕ್ಕ. ಅಲ್ಲಿ ಅವಳ ಮೆಟ್ಟುಗತ್ತಿ ಇರಲಿಲ್ಲ. ಚಪ್ಪರದ ಹೊರಗೆ, ಗೊಬ್ಬರಗುಂಡಿಯ ಕಡೆಗೆ, ಬಿಸಿಲಿನಲ್ಲಿ ಒಂಟಿಯಾಗಿ ಬಿದ್ದಿತ್ತು. ಒಂದು ಅಂಗಳದಿಂದ ಹೊರಗೆ ಹಾಕಿದವಳನ್ನು ಇನ್ನೊಂದು ಅಂಗಳ ಒಳಗೆ ಕರೆಯುವುದಿಲ್ಲ. ಸುಲಿಯುವ ಸಾಲಿನ ಜಾಗ ಹೋದರೆ ಅವಳಿಗೂ ಅವಳ ಮಗಳಿಗೂ ಮಳೆಗಾಲದ ಅಕ್ಕಿ ಹೋಯಿತು. ಬಾವಿಯ ಹಗ್ಗ ಮುಟ್ಟುವುದು ಹೋಯಿತು. ಮಗಳನ್ನು ಕೇಳಿಕೊಂಡು ಬರುವವರೂ ಹೋದರು. ಆ ಕತ್ತಿ ಬಿದ್ದ ಜಾಗ ನೋಡಿದಾಗಲೇ ಅವಳಿಗೆ ಇಷ್ಟೂ ತಿಳಿಯಿತು. ಯಾಕೆಂದು ಮಾತ್ರ ತಿಳಿಯಲಿಲ್ಲ.

ಮೇಸ್ತ್ರಿ ಹೂವಪ್ಪ ಬಂದು, ದೂರ ನಿಂತೇ ಹೇಳಿದ. ಅವನಿಗೂ ಹೇಳಲು ಇಷ್ಟವಿರಲಿಲ್ಲ, ನೆಲ ನೋಡುತ್ತಿದ್ದ.

"ಅಯ್ಯ ಹೇಳಿದ್ದು ಕಣಮ್ಮ. ನಿಂಗೆ ದೊಡ್ಡ ರೋಗ ಅಂತೆ. ಟೆಸ್ಟ್ ಆಗೂವರೆಗೆ ಅಲ್ಲೇ ಕೂತ್ಕ. ಇಲ್ಲ, ಮನೇಲಿ ಇರು."

ಕುಷ್ಠಕ್ಕೆ ನಮ್ಮ ಕಡೆ ದೊಡ್ಡ ರೋಗ ಎನ್ನುತ್ತಾರೆ. ಹೀಗೆ, ತನ್ನ ಕಾಯಿಲೆಯ ಹೆಸರನ್ನು ಅವಳು ಮೇಸ್ತ್ರಿಯ ಬಾಯಿಂದ, ಹದಿನೇಳು ಹೆಂಗಸರ ಎದುರು ಕೇಳಿದಳು. ಕಾಯಿಲೆ ಬಂದವರಿಗೆ ನಮ್ಮ ಊರು ಕೊಡುವ ಮೊದಲ ಔಷಧಿ ಇದು.

ಹೆಂಗಸರು ಒಂದು ಗೇಣು ಸರಿದು ಕೂತರು. ಸುಳ್ಳು ಯಾಕೆ, ಸೀತಕ್ಕನೂ ತನ್ನ ನೀರಿನ ಚೊಂಬನ್ನು ಹತ್ತಿರಕ್ಕೆ ಎಳೆದಿಟ್ಟುಕೊಂಡಳು. ಅರವತ್ತು ದಾಟಿದವಳು, ಆ ಸಾಲಿಗೆಲ್ಲ ಹಿರಿಯಳು, ದೇವಕಿಯ ಅವ್ವನ ಜೊತೆ ಸುಲಿದವಳು. ಚೊಂಬು ಎಳೆದ ಮೇಲೆ ಅವಳಿಗೇ ತನ್ನ ಕೈಯ ಮೇಲೆ ಅಸಹ್ಯವಾಯಿತೋ ಏನೋ, ಎದ್ದು ಬಿಸಿಲಿಗೆ ಬಂದಳು.

"ಎಲ್ಲಿ ಅಂತ ಬರ್ದಿದಾರೆ? ತೋರ್ಸು."

ದೇವಕಿ ಹೆಬ್ಬೆರಳು ತೋರಿಸಿದಳು. ಸೀತಕ್ಕ ಬಗ್ಗಿ ನೋಡಿದಳು. ಆಮೇಲೆ ತನ್ನ ಹೆಬ್ಬೆರಳಿನ ಟ್ಯೂಬನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದಳು. ಅದರ ಅಡಿಯಲ್ಲಿ ಅದೇ ಬಿಳಿ, ಅಷ್ಟೇ ಅಗಲ.

"ಏ, ಎಲ್ಲ ತೆಗೀರೇ ಟ್ಯೂಬ," ಎಂದಳು ಚಪ್ಪರದ ಕಡೆ ತಿರುಗಿ.

ಒಬ್ಬೊಬ್ಬರೇ ತೆಗೆದರು. ಕಪ್ಪು ಕೈಗಳ ಮೇಲೆ ಬಿಳಿ ಉಂಗುರಗಳು, ಸುತ್ತಲೂ ಒಂದೇ ಅಳತೆಗೆ ಮಾಡಿಸಿದ ಹಾಗೆ. ಯಾರೋ ಅಡಿಕೆಸಿಪ್ಪೆಯ ಚೂರಿನಿಂದ ಚುಚ್ಚಿಕೊಂಡು ನೋಡಿ, ನಂಗೂ ಗೊತ್ತಾಗ್ತಿಲ್ಲ ಮಾರಾಯ್ತಿ ಎಂದಳು. ಮೊದಲು ನಕ್ಕವಳು ಯಾರೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ. ನಗು ಚಪ್ಪರ ಸುತ್ತಿ ಬಂತು. ದೇವಕಿ ಗೊಬ್ಬರಗುಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

"ದೇವರನ್ನ ಬದ್ಲಾಯ್ಸ್ತಾರೆ ಅಂತ ಹೆದರ್ಸಿದ್ರು," ಎಂದಳು ಸೀತಕ್ಕ. "ದೇವರ ತಂಟೆಗೆ ಬರ್ಲಿಲ್ಲ ಪಾಪ. ರೋಗ ಕೊಟ್ಟು ಕಳ್ಸಿದ್ರು."

ಹೂವಪ್ಪನೂ ನಕ್ಕ. ಆದರೆ ಡಾಕ್ಟರು ಬರೆದದ್ದು ಬರೆದದ್ದೇ ಅಲ್ಲವಾ, ಅಯ್ಯ ಒಪ್ಪಬೇಕಲ್ಲ ಎಂದ. ಅದೂ ನಿಜವೇ. ಹದಿನೆಂಟು ಬೆರಳಿಗಿಂತ ಒಂದು ಕಾಗದ ದೊಡ್ಡದು. ಅದು ಅಂಗಳದ ಲೆಕ್ಕಾಚಾರ. ಹಾಗಾದರೆ ಕಾಗದ ಬರೆದವರನ್ನೇ ಕೇಳುವ ಎಂದು ಸೀತಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ನಾಳೆ ಶಿಬಿರದ ಕೊನೆಯ ದಿನ. ನಾಳೆ ಬೆಳಿಗ್ಗೆ ಎಲ್ಲರೂ ಜಯಪುರಕ್ಕೆ. ಅಲ್ಲಿಯವರೆಗೆ ಯಾರೂ ಕತ್ತಿಗೆ ಕೂರುವುದಿಲ್ಲ.

ಮಹೇಶ್ವರ ಜಗಲಿಯಿಂದ ಇಳಿದು ಬಂದರು. ಅವರದು ಕೂಗಾಡುವ ಸ್ವಭಾವವಲ್ಲ. ನಿಮ್ಮೆಲ್ಲರ ಒಳ್ಳೆಯದಕ್ಕೇ ಹೇಳಿದ್ದು ಎಂದರು. ಹಸಿ ಅಡಿಕೆ ಕೊಯ್ದು ಒಂದು ದಿನವಾಗಿದೆ, ಇನ್ನೊಂದು ದಿನ ಬಿಟ್ಟರೆ ಬಾಡಿ ಬಣ್ಣ ಕೆಡುತ್ತದೆ, ಒಬ್ಬಳ ಸಲುವಾಗಿ ಹೀಗೆ ಮಾಡಬಹುದೇ ಎಂದರು. ಒಬ್ಬಳನ್ನು ಹೊರಗೆ ಹಾಕುವಾಗ ಉಳಿದ ಹದಿನೇಳು ಜನರನ್ನು ಕೇಳಬೇಕು ಎಂದು ಅವರಿಗೆ ಹೊಳೆದಿರಲಿಲ್ಲ. ಈಗ ಹದಿನೇಳು ಜನ ಒಬ್ಬಳ ಜೊತೆ ಎದ್ದಾಗ ಅದು ಅವರಿಗೆ ಅನ್ಯಾಯವಾಗಿ ಕಂಡಿತು.

ಸೀತಕ್ಕ ತನ್ನ ಹೆಬ್ಬೆರಳನ್ನು ಅವರ ಮುಂದೆ ಹಿಡಿದಳು. "ನಂಗೂ ಅದೆ ಅಯ್ಯ. ನಲ್ವತ್ತು ವರ್ಷದಿಂದ ಅದೆ. ನಾನು ಸುಲಿದ ಅಡಿಕೆ ಅಷ್ಟೂ ವಾಪಸ್ ತರ್ಸಿ, ಆಮೇಲೆ ಮಾತಾಡುವ."

ಸಂಜೆ ಶ್ರೀರಕ್ಷಾ ಶಿಬಿರದಿಂದ ಬಂದಾಗ ಚಪ್ಪರದಲ್ಲಿ ರಾಶಿ ಹಾಗೇ ಇತ್ತು, ಸುತ್ತ ಯಾರೂ ಇರಲಿಲ್ಲ. ಅಪ್ಪ ಅಂಗಳದಲ್ಲಿ ಶತಪಥ ಹಾಕುತ್ತಿದ್ದರು. ಸಂಗತಿ ಕೇಳಿದ ಮೇಲೆ ಅವಳು ಚಪ್ಪರಕ್ಕೆ ಹೋದಳು. ಬುದ್ಧಿ ಬಂದ ಮೇಲೆ ಅದೇ ಮೊದಲು. ಮೆಟ್ಟುಗತ್ತಿಯೊಂದರ ಮಣೆಯ ಮೇಲೆ ಟ್ಯೂಬಿನ ತುಂಡೊಂದು ಬಿದ್ದಿತ್ತು. ಎತ್ತಿ ತನ್ನ ಹೆಬ್ಬೆರಳಿಗೆ ಹಾಕಿಕೊಂಡು ನೋಡಿದಳು. ಸ್ವಲ್ಪ ಹೊತ್ತಿಗೇ ಬೆರಳು ಜುಮುಗುಟ್ಟಿತು. ತೆಗೆದಾಗ ಅಡಿಯಲ್ಲಿ ಬೆಳ್ಳಗಿತ್ತು. ನನ್ನ ಮನೆ, ನನ್ನ ಫೀಸು, ನನ್ನ ಇಂಗ್ಲಿಷು ಎಲ್ಲ ಈ ಬೆರಳುಗಳಿಂದಲೇ ಎಂದು ಅವಳು ಅಂದುಕೊಂಡಳೋ ಇಲ್ಲವೋ ನಾನು ಹೇಳಲಾರೆ. ಆ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದಳು.

ಮೂರನೆಯ ದಿನ ಬೆಳಿಗ್ಗೆ ಜಯಪುರದ ಬಸ್ಸಿಗೆ ಕಾಯಲು ಹೆಂಗಸರು ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಮಹೇಶ್ವರರ ಜೀಪು ಬಂತು. ಬೇಗ ಹೋಗಿ ಬೇಗ ಬಂದರೆ ಮಧ್ಯಾಹ್ನಕ್ಕಾದರೂ ಸುಲಿಯಬಹುದು ಎಂಬುದು ಅವರ ಎಣಿಕೆ. ಹದಿನೆಂಟು ಜನ ಒಂದು ಜೀಪಿನಲ್ಲಿ ಹಿಡಿಯುವುದಿಲ್ಲ, ಎರಡು ಸಲ ಬಂದು ಹೋಗಬೇಕಾಯಿತು. ಅಯ್ಯನ ಪಕ್ಕದ ಸೀಟಿನಲ್ಲಿ ಸೀತಕ್ಕ ಕೂತಳು. ಹನ್ನೊಂದು ವರ್ಷದಲ್ಲಿ ದೇವಕಿ ಆ ಜೀಪಿನ ಒಳಗನ್ನು ನೋಡಿದ್ದು ಅದೇ ಮೊದಲು.

ಶಿಬಿರದ ಬಾಗಿಲಲ್ಲಿ ಒಂದು ಹಳೆಯ ಲೂನಾ ನಿಂತಿತ್ತು. ಅದು ಜಯದೇವಪ್ಪನವರದು. ತಾಲ್ಲೂಕು ಆಸ್ಪತ್ರೆಯಲ್ಲಿ ಕುಷ್ಠರೋಗದ ಕೆಲಸಕ್ಕೆಂದೇ ಇದ್ದ ಮನುಷ್ಯ. ಇಪ್ಪತ್ತೆಂಟು ವರ್ಷ ಮನೆಮನೆ ಹತ್ತಿಳಿದು ಚರ್ಮ ನೋಡಿದವರು. ತಮ್ಮ ಪಾಲಿನ ಚೀಟಿ ಕೈಗೆ ಸಿಕ್ಕಿದ ಕೂಡಲೇ, ರೋಗಿಯನ್ನು ಹುಡುಕಿಕೊಂಡು ತಾವೇ ಬಂದಿದ್ದರು. ಆಗಷ್ಟೇ ಹಿರಿಯ ಡಾಕ್ಟರ ಜೊತೆ ಮಾತಾಡುತ್ತಿದ್ದರು.

ಹೆಂಗಸರು ಒಳಗೆ ಬಂದು, ಯಾರೂ ಹೇಳದೆ, ಗೋಡೆಯುದ್ದಕ್ಕೂ ಸಾಲಾಗಿ ನಿಂತು ಬಲಗೈ ಮುಂದೆ ಚಾಚಿದರು. ಹದಿನೆಂಟು ಕಪ್ಪು ಕೈ, ಹದಿನೆಂಟು ಬಿಳಿ ಹೆಬ್ಬೆರಳು. ರೂತ್ ಮೊದಲು ದೇವಕಿಯ ಕೈ ನೋಡಿದಳು, ಪಕ್ಕದವಳ ಕೈ ನೋಡಿದಳು, ಅದರ ಪಕ್ಕದ್ದು, ಅದರ ಪಕ್ಕದ್ದು. ನಾಲ್ಕನೆಯವಳ ಹತ್ತಿರ ಬರುವಾಗ ಅವಳ ಮುಖ ಬಿಳಿಚಿಕೊಂಡಿತ್ತು. ಇಡೀ ಊರಿಗೇ ಹರಡಿದೆಯೇ ಎಂದು ಅವಳು ಹೆದರಿದ್ದಳು, ಪಾಪ.

"ಹೇಳಮ್ಮ ಅವರಿಗೆ," ಎಂದಳು ಸೀತಕ್ಕ ಶ್ರೀರಕ್ಷಾ ಕಡೆ ತಿರುಗಿ. "ಇದು ರೋಗ ಆದ್ರೆ ಹದಿನೆಂಟು ಚೀಟಿ ಬರೀಲಿ. ಅಲ್ಲ ಅಂದ್ರೆ ಆ ಒಂದನ್ನ ಹರೀಲಿ."

ಶ್ರೀರಕ್ಷಾ ಹಾಗೆಯೇ ಹೇಳಿದಳು, ಒಂದು ಪದವನ್ನೂ ಬಿಡದೆ. ಆಮೇಲೆ ಕೈಯಲ್ಲಿದ್ದ ಟ್ಯೂಬಿನ ತುಂಡನ್ನು ರೂತ್‌ಳ ಅಂಗೈಗೆ ಇಟ್ಟಳು.

ಜಯದೇವಪ್ಪ ಕುರ್ಚಿ ಎಳೆದುಕೊಂಡು ದೇವಕಿಯ ಮುಂದೆ ಕೂತರು. ಅವರಿಗೆ ಅವಸರವೆಂಬುದಿರಲಿಲ್ಲ. ಮೊಣಕೈಯ ಗಂಟಿನ ಹಿಂದೆ ಬೆರಳಾಡಿಸಿ ನರ ದಪ್ಪವಾಗಿದೆಯೇ ನೋಡಿದರು. ಕಿವಿಯ ಹಾಲೆ, ಹುಬ್ಬು, ಕುತ್ತಿಗೆಯ ಪಕ್ಕ. ಉಂಗುರಬೆರಳಿಗೂ ಕಿರುಬೆರಳಿಗೂ ನಡುವೆ ಕಾಗದ ಹಿಡಿಸಿ ಎಳೆದರು, ಅವಳು ಬಿಡಲಿಲ್ಲ. ಬಾಲ್‌ಪೆನ್ನಿನ ತುದಿಯನ್ನು ಮಚ್ಚೆಯ ಅಂಚಿನಿಂದ ಕೂದಲೆಳೆಯಷ್ಟು ಆಚೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿದ್ದ ದೇವಕಿ ಹೂಂ ಎಂದಳು. ಕೊನೆಗೆ ದಡ್ಡುಗಟ್ಟಿದ ಚರ್ಮವನ್ನು ಉಗುರಿನಿಂದ ಗಟ್ಟಿಯಾಗಿ ಒತ್ತಿದರು. ನೋಯ್ತದೆ ಎಂದಳು ದೇವಕಿ. ಆ ಒಂದು ನೋವಿಗೆ ಹದಿನೇಳು ಹೆಂಗಸರು ಉಸಿರು ಬಿಟ್ಟರು.

"ಈ ಕಾಯಿಲೆ ಸೈಕಲ್ ಶಾಪಲ್ಲಿ ಸಿಕ್ಕೂದು," ಎಂದರು ಜಯದೇವಪ್ಪ. "ಪಂಕ್ಚರ್ ಹಾಕೂನ ಹತ್ರ ಕೇಳಿದ್ರೆ ಮೊಳ ಕೊಡ್ತಾನೆ."

ನಗು ನಿಲ್ಲುವವರೆಗೂ ಅವರು ಕಾದರು. ಆಮೇಲಿನ ಮಾತನ್ನು ಬಾಗಿಲಲ್ಲಿ ನಿಂತಿದ್ದ ಮಹೇಶ್ವರರ ಕಡೆ ತಿರುಗಿಕೊಂಡು ಹೇಳಿದರು. ಒಂದು ವೇಳೆ ಇದು ಆ ಕಾಯಿಲೆಯೇ ಆಗಿದ್ದರೂ ಆರು ತಿಂಗಳೋ ವರ್ಷವೋ ಮಾತ್ರೆ, ಅದನ್ನು ಸರ್ಕಾರ ಬಿಟ್ಟಿ ಕೊಡುತ್ತದೆ; ಮಾತ್ರೆ ಶುರುವಾದ ಮೇಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ; ಒಂದೇ ಚಪ್ಪರದಲ್ಲಿ ಕೂತು ಒಂದೇ ಚೊಂಬಿನ ನೀರು ಕುಡಿಯಬಹುದು. "ಇಪ್ಪತ್ತೆಂಟು ವರ್ಷ ಇದನ್ನೇ ಹೇಳ್ತಿದೀನಿ. ಕಾಯಿಲೆ ಕಮ್ಮಿ ಆಯ್ತು ಸ್ವಾಮಿ. ದೂರ ಕೂರ್ಸೂದು ಕಮ್ಮಿ ಆಗ್ಲಿಲ್ಲ." ಸೀತಕ್ಕ ನೆಲ ನೋಡಿದಳು. ಅವಳಿಗೆ ತನ್ನ ಚೊಂಬು ನೆನಪಾಗಿತ್ತು.

ರೂತ್ ಚೀಟಿಯನ್ನು ಹರಿದಳು. ಹರಿದವಳು ಅಲ್ಲಿಗೇ ಬಿಡಲಿಲ್ಲ. ತಪ್ಪು ನನ್ನದು, ಆದರೆ ಕೆಲಸ ಏನೆಂದು ನಾನು ಕೇಳಿದ್ದೆನಲ್ಲ, ಈಕೆ ಯಾಕೆ ಹೇಳಲಿಲ್ಲ ಎಂದು ಶ್ರೀರಕ್ಷಾಳನ್ನು ಕೇಳಿದಳು. ಇಂಗ್ಲಿಷಿನಲ್ಲಿ ಕೇಳಿದ್ದು, ಅಲ್ಲಿದ್ದ ಹೆಂಗಸರಲ್ಲಿ ಒಬ್ಬರಿಗೂ ಅರ್ಥವಾಗಿರಲಿಲ್ಲ. ಇಂಗ್ಲಿಷಿನಲ್ಲೇ ಏನಾದರೂ ಹೇಳಿ ಮುಗಿಸಿಬಿಡಬಹುದಿತ್ತು. ಶ್ರೀರಕ್ಷಾ ಮುಗಿಸಲಿಲ್ಲ. ದೇವಕಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು.

"ಎಂತ ಕೆಲಸ ಅಂತ ಅವರು ಕೇಳಿದ್ರು. ನಾನು ನಿಮ್ಮನ್ನ ಕೇಳ್ಲಿಲ್ಲ. ನಾನೇ ಹೇಳಿಬಿಟ್ಟೆ. ಅಪ್ಪಂಗೆ ಹೇಳಿದ್ದೂ ನಾನೇ."

ಹಿಂದಿನ ದಿನ ಅಂಗಳದಲ್ಲಿ ಹೂವಪ್ಪನ ಬಾಯಿಂದ ಕೇಳಿದ ಮಾತು ಇನ್ನೂ ದೇವಕಿಯ ಕಿವಿಯಲ್ಲಿತ್ತು. ಅದು ಎಲ್ಲಿಂದ ಹೊರಟಿತು ಎಂದು ಈಗ ತಿಳಿಯಿತು.

"ನಾನೂ ಹೇಳ್ಲಿಲ್ವಲ್ಲ ಅಮ್ಮ," ಎಂದಳು. "ನಿಮ್ಮನೆ ಅಂಗಳ. ನಿಮಗೆ ಗೊತ್ತಿರ್ತದೆ ಅಂದ್ಕಂಡೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಶ್ರೀರಕ್ಷಾಗೆ ಸುಲಭವಾಗುತ್ತಿತ್ತು. ದೇವಕಿ ಏನು ಹೇಳಿದಳು ಎಂದು ರೂತ್ ಕೇಳಿದಾಗ ಆ ಮಾತನ್ನು ಅವಳು ಒಂದೊಂದೇ ಪದವಾಗಿ ಇಂಗ್ಲಿಷಿಗೆ ದಾಟಿಸಿದಳು. ಕೇಳಿದ ಮೇಲೆ ರೂತ್ ದೇವಕಿಯ ಎರಡೂ ಕೈಗಳನ್ನು ಹಿಡಿದುಕೊಂಡು ಕ್ಷಮೆ ಕೇಳಿದಳು. ಸಾವಿರಾರು ಮೈಲಿ ದಾಟಿ ಬಂದ ಹುಡುಗಿ ಆ ಕೈಯನ್ನು ಮುಟ್ಟಿದ್ದಳು, ನೋಡಿದ್ದಳು, ತಪ್ಪು ಓದಿದ್ದಳು. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವರು ನೋಡಿಯೇ ಇರಲಿಲ್ಲ. ಇವೆರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ನನ್ನನ್ನು ಕೇಳಿದರೆ ನನಗೆ ಅನುಮಾನವಿಲ್ಲ.

ಬಾಯಿಮಾತು ಸಾಲದು, ಕಾಗದ ಬೇಕು ಎಂದು ಸೀತಕ್ಕ ಹಠ ಹಿಡಿದಳು. ಕಾಗದದಲ್ಲಿ ಹೋದದ್ದು ಕಾಗದದಲ್ಲೇ ಬರಬೇಕು, ಅದೂ ಕನ್ನಡದಲ್ಲಿ. ಜಯದೇವಪ್ಪ ಬರೆದು ಮೊಹರು ಒತ್ತಿದರು. ಹಿರಿಯ ಡಾಕ್ಟರು ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಟ್ಯೂಬನ್ನು ಸಡಿಲ ಮಾಡಿಕೊಳ್ಳಿ, ಗಂಟೆಗೊಮ್ಮೆ ತೆಗೆದು ಬೆರಳು ಉಜ್ಜಿ ಎಂದು ಎಲ್ಲರಿಗೂ ಹೇಳಿ ಕಳುಹಿಸಿದರು.

ಮಧ್ಯಾಹ್ನ ಅಂಗಳಕ್ಕೆ ಬಂದ ಮೇಲೆ ಯಾರೂ ಚಪ್ಪರದೊಳಗೆ ಹೋಗಲಿಲ್ಲ. ಶ್ರೀರಕ್ಷಾ ರಾಶಿಯ ಪಕ್ಕದಲ್ಲಿ ನಿಂತು ಕಾಗದವನ್ನು ಗಟ್ಟಿಯಾಗಿ ಓದಿದಳು. ದೇವಕಿಗೆ ಆ ಕಾಯಿಲೆ ಇಲ್ಲ ಎಂಬ ಸಾಲನ್ನು ಸೀತಕ್ಕ ಇನ್ನೊಮ್ಮೆ ಓದಿಸಿದಳು. ಹೂವಪ್ಪನಿಗೆ ಕಿವಿ ಸ್ವಲ್ಪ ಮಂದ ಎಂದು ನೆಪ ಹೇಳಿದಳು. ಸರಿ, ಕೂತುಕೊಳ್ಳಿ ಎಂದರು ಮಹೇಶ್ವರ. ದೇವಕಿ ಕದಲಲಿಲ್ಲ. ಗೊಬ್ಬರಗುಂಡಿಯ ಕಡೆ ಬಿದ್ದಿದ್ದ ತನ್ನ ಮೆಟ್ಟುಗತ್ತಿಯನ್ನು ನೋಡಿದಳು.

"ಅದನ್ನ ನಾನು ಅಲ್ಲಿ ಇಟ್ಟಿದ್ದಲ್ಲ, ಅಯ್ಯ."

ಹೂವಪ್ಪ ಹೆಜ್ಜೆ ಎತ್ತಿದ. ಅಷ್ಟರಲ್ಲಿ ಶ್ರೀರಕ್ಷಾ ಹೋಗಿ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಮಹೇಶ್ವರ ಮಗಳಿಗೆ ದಾರಿ ಬಿಟ್ಟು ಸರಿದು ನಿಂತರು. ಕಂಬದ ಹತ್ತಿರ, ಸೀತಕ್ಕನ ಪಕ್ಕ, ಅವಳು ಅದನ್ನು ಇಳಿಸಿದಳು. ಅಲಗು ಕೂರುವವರ ಹೊಟ್ಟೆಯ ಕಡೆಗೆ ತಿರುಗಿತ್ತು.

"ಹಂಗೆ ಕೂತ್ರೆ ಕರುಳು ಸುಲೀತದೆ," ಎಂದಳು ಸೀತಕ್ಕ. ಚಪ್ಪರವೆಲ್ಲ ನಕ್ಕಿತು. ಶ್ರೀರಕ್ಷಾಳೂ ನಕ್ಕಳು. ದೇವಕಿ ಬಗ್ಗಿ ಮಣೆಯನ್ನು ಸರಿಯಾಗಿ ತಿರುಗಿಸಿ, ಮೆಟ್ಟಿ, ತನ್ನ ಜಾಗದಲ್ಲಿ ಕೂತಳು. ಬೆನ್ನಿಗೆ ಕಂಬ ಸಿಕ್ಕಿತು. ಎರಡು ದಿನದಿಂದ ಎಲ್ಲೂ ಒರಗಿರದ ಬೆನ್ನು ಅದು. ಸೀತಕ್ಕ ತನ್ನ ಚೊಂಬನ್ನು ಇಬ್ಬರ ನಡುವೆ ಇಟ್ಟಳು. ದೇವಕಿ ಅದನ್ನೆತ್ತಿ ಗಟಗಟ ಕುಡಿದು, ಅರ್ಧ ಉಳಿಸಿ ಇಟ್ಟಳು. ಸೀತಕ್ಕ ಉಳಿದದ್ದನ್ನು ಕುಡಿದಳು.

ಟಕ್ ಟಕ್ ಎಂದು ಕಾಯಿ ಒಡೆಯುವ ಸದ್ದು ಒಂದೊಂದಾಗಿ ಶುರುವಾಯಿತು. ಶ್ರೀರಕ್ಷಾ ಜಗಲಿಗೆ ಹೋಗಲಿಲ್ಲ. ಸಿಪ್ಪೆಯ ರಾಶಿಯ ಅಂಚಿನಲ್ಲಿ, ದೇವಕಿಯ ಎದುರಿಗೆ ನೆಲದಲ್ಲೇ ಕೂತಳು. ಕೊರಳ ಚೀಟಿ ಇನ್ನೂ ತೂಗುತ್ತಿತ್ತು, ತೆಗೆಯಲು ಮರೆತಿದ್ದಳು.

"ಮೊನ್ನೆ ನೀವು ಹೊಟ್ಟೆ ಉರಿ ಅಂತ ಬಂದಿದ್ರಿ. ಅದನ್ನ ಯಾರೂ ನೋಡ್ಲೇ ಇಲ್ಲ. ಅವರು ನಾಳೆ ಬೆಳಿಗ್ಗೆ ಹೊರಡೂದು. ಎಷ್ಟು ದಿನದಿಂದ ಉರಿ?"

ದೇವಕಿ ಕಾಯಿಯಿಂದ ಕಣ್ಣೆತ್ತಿ ಅವಳನ್ನು ನೋಡಿದಳು. ನಿಜವಾಗಿ ಕೇಳುತ್ತಿದ್ದಾಳೋ, ಹಾಗೇ ಬಾಯಿಮಾತಿಗೆ ಕೇಳುತ್ತಿದ್ದಾಳೋ ಎಂದು ಅಳೆಯುವ ನೋಟ. ಹುಡುಗಿ ಎದ್ದು ಹೋಗಲಿಲ್ಲ. ತಾನೇ ಉತ್ತರವನ್ನೂ ಹೇಳಲಿಲ್ಲ. ದೇವಕಿ ಇನ್ನೊಂದು ಕಾಯಿ ಎತ್ತಿಕೊಂಡಳು, ಅಲಗಿಗೆ ಒತ್ತಿದಳು, ಸಿಪ್ಪೆ ಎರಡು ಹೋಳಾಗಿ ಬಿತ್ತು.

"ಅದು ದೊಡ್ಡ ಕತೆ, ಅಮ್ಮ," ಎಂದಳು. "ಕೂತ್ಕಳಿ, ಹೇಳ್ತೀನಿ."